ಮೂರನೇ ಕಾಯಿಲ್

ಚಾಮರಾಜನಗರ
೧೧ ಜನವರಿ ೨೦೨೬, ಭಾನುವಾರ

ಪ್ರೀತಿಯ ರಮ್ಯಳಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ಅಳಿಯಂದಿರಿಗೂ ತಿಳಿಸು. ಹೊಟ್ಟೆಯೊಳಗಿನ ಕೂಸು ಈಗ ಚೆನ್ನಾಗಿ ಒದೆಯುತ್ತಿರಬೇಕು, ಅಜ್ಜಿ ವಿಚಾರಿಸಿದಳೆಂದು ಅದಕ್ಕೂ ಹೇಳು. ನೀನು ಹುಣಸೂರಿನಿಂದ ಕಳಿಸಿದ ಸೀರೆ ಬಂದು ಹದಿನೈದು ದಿನವಾಯಿತು. ಬಂತು ಎಂದು ಒಂದು ಮಾತು ತಿಳಿಸಲಿಲ್ಲ. ಈ ವಾರ ನಿನ್ನ ಫೋನು ನಾಲ್ಕು ಸಲ ಬಂದರೂ ಎತ್ತಲಿಲ್ಲ. ತಪ್ಪಾಯಿತು, ಬೇಜಾರು ಮಾಡಿಕೊಳ್ಳಬೇಡ. ಬಣ್ಣ ಚೆನ್ನಾಗಿದೆ. ಇನ್ನೂ ಮಡಿಕೆ ಬಿಚ್ಚಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ನನಗೆ ಜಗಳ ಆಡಲು ಬರುವುದಿಲ್ಲ ಕಣೇ. ಎರಡನೇ ಮಾತಿಗೆ ದನಿ ಏರುತ್ತದೆ. ನೀನು "ಅಮ್ಮಾ, ಬಿ.ಪಿ. ಜಾಸ್ತಿ ಆಗುತ್ತೆ, ಆಮೇಲೆ ಮಾತಾಡೋಣ" ಎನ್ನುತ್ತೀಯ. ಅಲ್ಲಿಗೆ ನಾನು ಸೋತೆ. ಕಾಗದಕ್ಕೆ ಬಿ.ಪಿ. ಇಲ್ಲ, ಅದು ನಡುವೆ ಬಾಯಿ ಹಾಕುವುದೂ ಇಲ್ಲ. ಅದಕ್ಕೇ ಅಂಗನವಾಡಿಯ ಹಳೆಯ ಹಾಜರಿ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ಹರಿದುಕೊಂಡು ಕೂತಿದ್ದೇನೆ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು ತಾನೆ? ಬರೆಯುತ್ತೇನೆ. ನಿನ್ನಪ್ಪ ಕ್ಷೇಮ. ಎರಡು ಹೊತ್ತು ಮುದ್ದೆ ಇಳಿಯುತ್ತಿದೆ, ಬದನಗುಪ್ಪೆ ಫ್ಯಾಕ್ಟರಿಗೆ ಕ್ರಾಪು ಬಾಚಿಕೊಂಡು ಹೋಗಿ ಬರುತ್ತಿದ್ದಾರೆ. ಕಾರೂ ಕ್ಷೇಮ, ಹೋದ ಮಂಗಳವಾರದಿಂದ. ನಾನು ಮಾತ್ರ ಕೋಪದಲ್ಲಿದ್ದೇನೆ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಇಂಥ ಕೋಪ ನನಗೆ ಬಂದಿರಲಿಲ್ಲ. ಬಂದಿದ್ದರೆ ಅದನ್ನು ಸಾರಿಗೆ ಹಾಕಿ ಕುದಿಸಿ ಎಲ್ಲರಿಗೂ ಬಡಿಸಿ ಮುಗಿಸಿಬಿಟ್ಟಿರುತ್ತಿದ್ದೆ. ಈ ಸಲ ಆಗಲಿಲ್ಲ.

ಮೊದಲಿಂದ ಹೇಳುತ್ತೇನೆ. ಅರ್ಧ ನಿನಗೆ ಗೊತ್ತಿರುವುದೇ. ಆದರೂ ಓದು.

ಆ ಕಾರು ನಾನು ಯಾಕೆ ತೆಗೆದುಕೊಂಡೆ? ಗುಡಿಗೆ ಹೋಗಿ ಬರಲಿಕ್ಕಲ್ಲ, ಮದುವೆ ಮನೆ ಮುಂದೆ ನಿಲ್ಲಿಸಲಿಕ್ಕಲ್ಲ. ಇಪ್ಪತ್ತನಾಲ್ಕು ವರ್ಷ ಒಂದೇ ಅಂಗನವಾಡಿಯಲ್ಲಿ ಮಕ್ಕಳ ಮೂಗು ಒರೆಸಿದ ಮೇಲೆ ನನ್ನ ಹೆಸರು ಮೇಲ್ವಿಚಾರಕಿಯರ ಪಟ್ಟಿಯಲ್ಲಿ ಬಂತು. ತೆರಕಣಾಂಬಿಯಿಂದ ಹಿಡಿದು ಗುಂಡ್ಲುಪೇಟೆ ಆಚೆ ಭೀಮನಬೀಡಿನ ತನಕ ಇಪ್ಪತ್ತಾರು ಕೇಂದ್ರಗಳು ನನ್ನ ಸುಪರ್ದಿಗೆ ಬರಲಿದ್ದವು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಇರುವ ಊರುಗಳು. ಅಲ್ಲಿಗೆ ಮಕ್ಕಳ ತೂಕ ನೋಡಲು ಮಧ್ಯಾಹ್ನ ಬಸ್ಸಿಗೆ ಕಾಯುತ್ತಾ ಕೂತರೆ ಆಯಿತೇ? ಐವತ್ತಮೂರನೇ ವಯಸ್ಸಿನಲ್ಲಿ, ನಿನಗಿಂತ ಚಿಕ್ಕ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಡ್ರೈವಿಂಗ್ ಕಲಿತೆ. ಮೊದಲನೇ ಸಲಕ್ಕೇ ಲೈಸೆನ್ಸ್ ಸಿಕ್ಕಿತು. ಗುರುಪಾದಸ್ವಾಮಿ ಮೇಷ್ಟ್ರು ತಮ್ಮ ಕೆಂಪು ಕಾರನ್ನು ಮಾರುತ್ತಾರೆ ಎಂದು ತಿಳಿದು, ನನ್ನ ಚೀಟಿ ದುಡ್ಡಿನಲ್ಲಿ ಕೊಂಡೆ. ಏಳು ವರ್ಷದ ಹಳೇ ಕಾರು. ಮೇಷ್ಟ್ರು ಅದನ್ನು ಹಸುವಿನ ಹಾಗೆ ಸಾಕಿದ್ದರು.

ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಅದು ಒಂದು ಸಲ ಕೆಮ್ಮಲಿಲ್ಲ. ಆ ಊರುಗಳ ದಾರಿ ರೂಢಿಯಾಗಲಿ ಎಂದು ಒಬ್ಬಳೇ ಗುಂಡ್ಲುಪೇಟೆಗೆ ಹೋಗಿ ಬಂದೆ. ಭೀಮನಬೀಡಿನಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಕೈ ಬೀಸಿದರು. ನಾನೂ ಒಂದು ಕೈ ಬಿಟ್ಟು ಬೀಸಿದೆ. ಹಾಗೆ ಮಾಡಬಾರದು, ಗೊತ್ತು. ಅವತ್ತು ಮಾಡಿದೆ.

ಆಮೇಲೆ ಆಯುಧಪೂಜೆ ಬಂತು. ನೀನೂ ಅಳಿಯಂದಿರೂ ಬಂದಿದ್ದಿರಿ. ನಿನ್ನಪ್ಪ ಪಂಚೆ ಮೇಲಕ್ಕೆ ಕಟ್ಟಿ, ಪಕ್ಕದ ಮನೆಯವರ ತೋಟಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಈಸಿಕೊಂಡು ಬಂದು ಕಾರಿಗೆ ಸ್ನಾನ ಮಾಡಿಸಲು ನಿಂತರಲ್ಲ, ನೆನಪಿದೆಯೇ? ಮೈ ತೊಳೆದದ್ದು ಸಾಲದೆ ಬಾನೆಟ್ ಎತ್ತಿಸಿದರು. ಇಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನೂ ಕಿತ್ತು ಪಕ್ಕಕ್ಕಿಟ್ಟರು. "ದೇವ್ರು ಮೇಲ್ಗಡೆ ಬಣ್ಣ ನೋಡ್ತನಾ? ಒಳ್ಗಡೆನೂ ಮಡಿ ಆಗ್ಬೇಕು" ಎಂದರು. ಅಳಿಯಂದಿರು ಮೆಲ್ಲಗೆ, "ಮಾವ, ಅಲ್ಲಿಗೆ ನೀರು ಹೊಡೀಬೇಡಿ, ಕರೆಂಟಿನ ಸಾಮಾನು ಇರುತ್ತೆ" ಎಂದದ್ದು ನನಗೆ ಒಲೆ ಮುಂದೆಯೇ ಕೇಳಿಸಿತು. ಅದಕ್ಕೆ ಇವರು, "ಎತ್ತಿನ್ ಗಾಡಿಯಿಂದ ಟ್ರ್ಯಾಕ್ಟ್ರು ಗಂಟ ತೊಳ್ದಿವ್ನಿ ಅಳಿಯಂದ್ರೆ, ನೀವು ಸುಮ್ಕೆ ಕಾಪಿ ಕುಡೀರಿ" ಎಂದರು. ತೊಳೆದು ಮುಗಿಸಿ, ಅಲ್ಲಿ ಕಾಣುತ್ತಿದ್ದ ನಾಲ್ಕು ಕಪ್ಪು ಮೂತಿಗಳಿಗೂ ಕುಂಕುಮ ಕಲಸಿ ಬೊಟ್ಟಿಟ್ಟು, ಒಂದೊಂದು ಉದ್ಧರಣೆ ತೀರ್ಥ ಬಿಟ್ಟರು. ನೀನು ವಿಡಿಯೋ ಮಾಡಿದೆ. ನಾವೆಲ್ಲ ನಕ್ಕೆವು.

ಆ ನಾಲ್ಕು ಮೂತಿಗಳು ಏನು ಎಂದು ಅವತ್ತು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವತ್ತು ನನಗೆ ಗೊತ್ತು. ಇಗ್ನಿಷನ್ ಕಾಯಿಲ್ ಎನ್ನುತ್ತಾರೆ. ಒಂದೊಂದು ಸಿಲಿಂಡರಿಗೆ ಒಂದೊಂದು. ಪೆಟ್ರೋಲು ಹೊತ್ತಿಕೊಳ್ಳಲು ಬೇಕಾದ ಕಿಡಿಯನ್ನು ಅವೇ ಕೊಡುವುದು.

ನೀವು ಊರಿಗೆ ಹೊರಟ ಮರುದಿನದಿಂದ ಕಾರು ಜಗ್ಗಲು ಶುರು ಮಾಡಿತು. ಸಪಾಟು ರಸ್ತೆಯಲ್ಲಿ ಪರವಾಗಿಲ್ಲ, ಸ್ವಲ್ಪ ಏರು ಬಂದರೆ ಸಾಕು, ಹಟ ಹಿಡಿದ ಮಗುವನ್ನು ಎಳೆದುಕೊಂಡು ಹೋದ ಹಾಗೆ. ಎದುರಿಗೆ ಒಂದು ಹಳದಿ ದೀಪ ಪಿಳಿಪಿಳಿ ಎನ್ನುತ್ತಿತ್ತು. ನಾನು ಕೇಳಿದೆ, "ರೀ, ಕಾರಿಗೆ ಏನೋ ಆಗಿದೆ, ತೋರಿಸೋಣ." ನಿನ್ನಪ್ಪ ಪಕ್ಕದಲ್ಲಿ ಕೂತು ಒಂದು ಸುತ್ತು ಬಂದರು. ಇಳಿದು ಬಾಗಿಲು ಹಾಕುತ್ತಾ ಹೇಳಿದರು, "ಕಾರ್ಗೇನಾಗಿದ್ದದು? ನಿಂಗೆ ಕ್ಲಚ್ ಬುಡಕ್ಕೆ ಬರಲ್ಲ ಕಣಮ್ಮಿ. ಕುಣೀನಾರ್ದವ್ಳು ನೆಲ ಡೊಂಕು ಅಂದ್ಳಂತೆ."

ಎದುರು ಮನೆಯವರೂ ಕೇಳಿಸಿಕೊಂಡು ನಕ್ಕರು. ಆ ಗಾದೆ ಮಾಡಿದವರನ್ನು ಕರೆದುಕೊಂಡು ಬಾ ರಮ್ಯ, ನಾನು ಕೇಳಬೇಕು. ಕುಣಿಯುವವಳು ಡೊಂಕು ಎಂದ ಮೇಲೆ ಒಬ್ಬನಾದರೂ ಬಗ್ಗಿ ನೆಲ ನೋಡಿದನೇ?

ನಾನು ನಂಬಿದೆ. ಇದೇ ನನ್ನನ್ನು ಸುಡುವುದು. ನಂಬಿ, ದಿನಾ ಬೆಳಿಗ್ಗೆ ಆರು ಗಂಟೆಗೆ ಬದನಗುಪ್ಪೆ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಗೆ ಹೋಗಿ ಕ್ಲಚ್ ಬಿಡುವುದನ್ನು ಅಭ್ಯಾಸ ಮಾಡಿದೆ. ಪೆಡಲಿನ ಹದ ಕಾಲಿಗೆ ಸಿಗಲಿ ಎಂದು ಚಪ್ಪಲಿ ಬಿಚ್ಚಿಟ್ಟೆ. "ಮೆಲ್ಲಗೆ, ಕೆಳ್ಗಡೆ ಮೊಟ್ಟೆ ಮಡಗಿವ್ನಿ ಅಂದ್ಕೊ" ಎಂದು ನಿನ್ನಪ್ಪ ಹೇಳಿಕೊಡುತ್ತಿದ್ದರು. ಇಲ್ಲದ ಮೊಟ್ಟೆಯನ್ನು ಒಡೆಯದ ಹಾಗೆ ನಾನು ಕಾಲು ಎತ್ತುತ್ತಿದ್ದೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತು. ಕಾರು ಜಗ್ಗುತ್ತಲೇ ಇತ್ತು. ಹಳದಿ ದೀಪದ ಮೇಲೆ ಇವರು ಮಾದಪ್ಪನ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಿಬಿಟ್ಟರು. "ಅದು ಸರ್ವೀಸ್ ಲೈಟು, ಹಂಗೇ ಉರೀತದೆ. ಅದ್ನ ನೋಡ್ಕೊಂಡ್ ಹೆದ್ರಬ್ಯಾಡ, ಮಾದಪ್ಪನ ನೋಡ್ಕೊಂಡ್ ಓಡ್ಸು." ಹುಲಿಯ ಮೇಲೆ ಕೂತ ದೇವರು, ಪಾಪ, ನನ್ನ ಕಾರಿನಲ್ಲಿ ದೀಪ ಮುಚ್ಚುವ ಕೆಲಸಕ್ಕೆ ಬಂದ.

ನನ್ನ ಗೋಳು ತಡೆಯಲಾರದೆ ಒಂದು ದಿನ ಇವರೇ ಕಾರನ್ನು ಚಿಕ್ಕಬೀರಯ್ಯನ ಗ್ಯಾರೇಜಿಗೆ ತೆಗೆದುಕೊಂಡು ಹೋದರು. ಸಂಜೆ ಬಂದು, "ನೋಡ್ದ, ಏನೂ ಇಲ್ವಂತೆ, ಓಡ್ಸೋರ ಮೇಲೆ ಅಂತೆ" ಎಂದರು. ಮೆಕ್ಯಾನಿಕ್ಕೇ ಹೇಳಿದ ಮೇಲೆ ಇನ್ನೇನಿದೆ?

ಅಕ್ಟೋಬರ್ ಹದಿಮೂರನೇ ತಾರೀಖು ತೆರಕಣಾಂಬಿಗೆ ಹೊರಟೆ. ಆ ಊರಿನ ಬಸ್ ನಿಲ್ದಾಣ ದಾಟಿದ ಮೇಲೆ ಸ್ವಲ್ಪ ಏರು. ಹಿಂದೆ ಒಂದು ಬಸ್ಸು ಹಾರನ್ ಹೊಡೆಯುತ್ತಿತ್ತು. ಅದಕ್ಕೆ ದಾರಿ ಬಿಡೋಣವೆಂದು ಪಕ್ಕಕ್ಕೆ ತಂದೆ. ಇಂಜಿನ್ ಗಡಗಡ ನಡುಗಿ ನಿಂತುಹೋಯಿತು. ಹ್ಯಾಂಡ್ ಬ್ರೇಕ್ ಎಳೆಯುವಷ್ಟರಲ್ಲಿ ಕಾರು ಹಿಂದಕ್ಕೆ ಜಾರಿ, ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಮುದ್ದಯ್ಯ ಎನ್ನುವ ಅಜ್ಜನಿಗೆ ತಾಗಿತು. ಆತ ಬಿದ್ದ, ಸಣ್ಣ ಈರುಳ್ಳಿಯ ಚೀಲ ಒಡೆದು ರಸ್ತೆ ತುಂಬಾ ಉರುಳಿತು. ಜನ ಸೇರಿದರು. "ಲೇಡೀಸು ಕಣ್ಲಾ" ಎಂದು ಒಬ್ಬ, "ಮುದ್ದೆ ತಿರುವ್ಕೊಂಡ್ ಮನೇಲಿರಕ್ಕೇನು" ಎಂದು ಇನ್ನೊಬ್ಬ. ಅದನ್ನೆಲ್ಲ ನುಂಗಿದೆ. ಆದರೆ ಕಾರು ನಿಂತಾಗ ನಾನು ಕನ್ನಡಿಯಲ್ಲಿ ಏನು ನೋಡಿದೆ ಎಂದು ನಿನಗೆ ಇದುವರೆಗೂ ಹೇಳಿಲ್ಲ. ಸೈಕಲ್ಲಿನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಒಂದು ಮಗು ನಿಂತಿತ್ತು. ಮೂರು ವರ್ಷ ಇರಬಹುದು. ಅಂಗನವಾಡಿಯಿಂದ ಮನೆಗೆ ಹೋಗುತ್ತಿದ್ದ ಮಗು, ಕೈಯಲ್ಲಿ ಅರ್ಧ ತಿಂದ ಮೊಟ್ಟೆ. ಅದು ಅಳಲಿಲ್ಲ, ಕಾರನ್ನೇ ನೋಡುತ್ತಾ ಮೊಟ್ಟೆ ತಿನ್ನುತ್ತಿತ್ತು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಯಾವ ಮಕ್ಕಳನ್ನು ನೋಡಿಕೊಳ್ಳಲು ಹೋಗುತ್ತೇನೋ ಅವರಲ್ಲೇ ಒಂದನ್ನು ಕೊಂದು ಬರುವ ಹೆಂಗಸು ನಾನು, ನನ್ನ ಕಾಲಿಗೆ ಬುದ್ಧಿ ಇಲ್ಲ ಎಂದು ತೀರ್ಮಾನ ಮಾಡಿಕೊಂಡೆ. ನಾಲ್ಕು ದಿನ ಕಳೆದು ಹದಿನೇಳಕ್ಕೆ, "ಕೌಟುಂಬಿಕ ಕಾರಣಗಳಿಂದ ಬಡ್ತಿಯನ್ನು ಸ್ವಇಚ್ಛೆಯಿಂದ ನಿರಾಕರಿಸುತ್ತೇನೆ" ಎನ್ನುವ ಕಾಗದಕ್ಕೆ ಸಹಿ ಹಾಕಿ ಕೊಟ್ಟೆ. ನೀನೇ ಮೊಬೈಲಿನಲ್ಲಿ ಒಳ್ಳೆಯ ಭಾಷೆಯಲ್ಲಿ ಟೈಪ್ ಮಾಡಿ ಕಳಿಸಿದ್ದೆಯಲ್ಲ, ಅದೇ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಕಾರಿಗೆ ಟಾರ್ಪಾಲ್ ಹೊದಿಸಿದೆವು. ನಿನ್ನಪ್ಪ, "ಓಗ್ಲಿ ಬುಡಮ್ಮಿ, ಈ ವಯಸ್ನಲ್ಲಿ ಊರೂರು ಸುತ್ತದು ಯಾಕೆ" ಎಂದು ಸಮಾಧಾನ ಬೇರೆ ಹೇಳಿದರು. ಅವತ್ತು ನಾನು ಅವರನ್ನು ಒಳ್ಳೆಯವರು ಎಂದುಕೊಂಡೆ.

ಹೊಸ ವರ್ಷಕ್ಕೆ ಕಾರು ಮಾರಿಬಿಡೋಣ ಎಂದಾಯಿತು. ಗುಂಡ್ಲುಪೇಟೆಯ ಫಹೀಮ್ ಎನ್ನುವವನು ಹಳೇ ಕಾರು ತೆಗೆದುಕೊಳ್ಳುತ್ತಾನೆ, ಸ್ವಂತ ಗ್ಯಾರೇಜೂ ಇದೆ. ಹೋದ ಸೋಮವಾರ ಬೆಳಿಗ್ಗೆ ನೋಡಲು ಬಂದ. ನಿನ್ನಪ್ಪ ಡ್ಯೂಟಿಗೆ ಹೋಗಿದ್ದರು. ಬ್ಯಾಟರಿ ಸತ್ತಿತ್ತು. ತಾನೇ ತಂದಿದ್ದ ವೈರು ಹಾಕಿ ಸ್ಟಾರ್ಟ್ ಮಾಡಿದ. ತಲೆ ವಾರೆ ಮಾಡಿ ಹತ್ತು ಎಣಿಸುವಷ್ಟು ಹೊತ್ತು ಕೇಳಿಸಿಕೊಂಡ.

"ಅಕ್ಕಾ, ಯಾಕೆ ಮಾರ್ತೀರಿ ಇದನ್ನ?"

"ನನಗೆ ಕ್ಲಚ್ ಬಿಡೋಕೆ ಬರಲ್ಲಪ್ಪ. ಜಗ್ಗುತ್ತೆ."

ಆತ ನನ್ನ ಮುಖ ನೋಡಿದ. "ಗಾಡಿ ನ್ಯೂಟ್ರಲ್ಲಲ್ಲಿ ನಿಂತೈತಲ್ಲಕ್ಕ. ಈಗ ಕ್ಲಚ್ ಯಾರು ಬಿಡ್ತಾ ಅವ್ರೆ? ಆದ್ರೂ ಹೆಂಗೆ ನಡುಗ್ತಾ ಐತೆ ನೋಡಿ. ಇದು ಮೂರೇ ಕಾಲಲ್ಲಿ ನಿಂತೈತೆ."

ರಮ್ಯ, ಮೂರು ತಿಂಗಳಲ್ಲಿ ನನಗೆ ಇಷ್ಟು ಸುಲಭದ ಮಾತನ್ನು ಯಾರೂ ಹೇಳಲಿಲ್ಲ. ನನಗೇ ಹೊಳೆಯಲಿಲ್ಲ. ಕಾರು ನಿಂತಿದ್ದಾಗಲೂ ನಡುಗುತ್ತಿತ್ತು. ನಾನು ನನ್ನ ಕಾಲನ್ನೇ ನೋಡುತ್ತಿದ್ದೆ.

ಫಹೀಮ್ ಮುಚ್ಚಳ ತೆಗೆದು ನನ್ನನ್ನು ಹತ್ತಿರ ಕರೆದ. ನಾನು ಹೇಳಿದ್ದನ್ನು ನಂಬಬೇಡಿ, ನೀವೇ ನೋಡಿ ಎಂದ. ದೋಷ ತೋರಿಸುವ ಸ್ಕ್ಯಾನರ್ ಹಚ್ಚಿ ನೋಡಿದ, ಎರಡನೇ ಕಾಯಿಲನ್ನೂ ಮೂರನೆಯದನ್ನೂ ಅದಲು ಬದಲು ಮಾಡಿ, ಸ್ಟಾರ್ಟ್ ಮಾಡಿ, ಮತ್ತೆ ನೋಡಿದ. ಮೊದಲು ಮೂರನೇ ಸಿಲಿಂಡರಿನ ಮನೆ ಸುಮ್ಮನಿತ್ತು, ಈಗ ಎರಡನೇ ಮನೆ ಸುಮ್ಮನಾಯಿತು. ಕೆಟ್ಟದ್ದು ಯಾವುದು ಎಂದು ಅಂಗನವಾಡಿ ಮಗುವೂ ಹೇಳುತ್ತಿತ್ತು. ಅದನ್ನು ಎಳೆದು ನನ್ನ ಕೈಗೆ ಕೊಟ್ಟ. ಬುಡದ ರಬ್ಬರಿನೊಳಗೆ ತುಕ್ಕು, ನೀರು ನಿಂತು ಒಣಗಿದ ಬಿಳಿ ಕಲೆ, ಅದರ ಮೇಲೆ ಗಟ್ಟಿಯಾಗಿ ಕೂತ ಕುಂಕುಮ.

"ನೀರು ಇಳ್ದೈತೆ ಅಕ್ಕ. ಹಬ್ಬದಾಗೆ ತೊಳೆದ್ರಾ? ಅಕ್ಟೋಬರಲ್ಲಿ ನಮ್ಮ ಗ್ಯಾರೇಜಿಗೆ ಹಿಂಗೇ ಎಂಟು ಗಾಡಿ ಬಂದ್ವು" ಎಂದು ನಕ್ಕ. ನಗುತ್ತಾ ಇದ್ದವನು ನನ್ನ ಕೈಯಿಂದ ಕಾಯಿಲನ್ನು ತೆಗೆದುಕೊಂಡು ತಿರುಗಿಸಿ ಬೆಳಕಿಗೆ ಹಿಡಿದ. ಅದರ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಕ್ರಾಸು, ಕೆಳಗೆ ೯-೧೦ ಎಂದು ಬರೆದಿತ್ತು.

"ಇದು ನಗರದ ಚಿಕ್ಕಬೀರಯ್ಯಣ್ಣನ ಗುರುತು. ಕೆಟ್ಟ ಪಾರ್ಟು ಸಿಕ್ರೆ ಓನರ್‌ಗೆ ತೋರಿಸಿ, ಅವ್ರ ಮುಂದೇನೇ ಕ್ರಾಸ್ ಹಾಕಿ ತಾರೀಕು ಬರೀತಾರೆ. ನಾಳೆ ಯಾರೂ ನಂಗೆ ಹೇಳ್ಲಿಲ್ಲ ಅನ್ಬಾರ್ದು ಅಂತ. ಇದು ಅವತ್ತೇ ಗೊತ್ತಿತ್ತಲ್ಲಕ್ಕ?"

ಒಂಬತ್ತನೇ ತಾರೀಖು. ಮುದ್ದಯ್ಯ ಬೀಳುವುದಕ್ಕೆ ನಾಲ್ಕು ದಿನ ಮೊದಲು.

ಕಾಯಿಲನ್ನು ಸೆರಗಿನಲ್ಲಿ ಸುತ್ತಿಕೊಂಡು ಚಿಕ್ಕಬೀರಯ್ಯನ ಗ್ಯಾರೇಜಿಗೆ ನಡೆದೇ ಹೋದೆ. ಆತ ಜೀಪಿನ ಕೆಳಗಿನಿಂದ ಹೊರಗೆ ಬಂದು, ಗುರುತು ನೋಡಿ, "ಅವತ್ತೇ ಯೋಳ್ದೆ ಕಣವ್ವ. ಇಂಗೇ ಓಡ್ಸಬ್ಯಾಡಿ, ಏರ್ನಲ್ಲಿ ಕೈ ಕೊಡ್ತದೆ ಅಂತ್ಲೂ ಯೋಳ್ದೆ. ಯಜಮಾನ್ರು, 'ಇರ್ಲಿ, ದೀಪಾವಳಿ ಕಳೀಲಿ, ಆಮೇಲ್ ಹಾಕ್ಸನ, ಮನೇಲಿ ಯೋಳ್ಬ್ಯಾಡ' ಅಂದ್ರು. ಗಂಡ ಹೆಂಡ್ರ ಇಚಾರ, ನಂಗ್ಯಾಕೆ ಅಂತ ಸುಮ್ಗಾದೆ" ಎಂದ. ಇನ್ನೂ ಒಂದು ಮಾತು ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆ ನಿನ್ನಪ್ಪ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು. ತಟ್ಟೆಗೆ ಉಪ್ಪು ಹಾಕಿದೆ, ಸಾರು ಬಿಟ್ಟೆ. ಮುದ್ದೆ ಇಡುವ ಜಾಗದಲ್ಲಿ ಕಾಯಿಲ್ ಇಟ್ಟೆ.

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಏನಿದು ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಇನ್ನೂ ಸ್ವಲ್ಪ ಮರ್ಯಾದೆ ಉಳಿಸುತ್ತಿದ್ದೆನೋ ಏನೋ. ತಲೆ ತಗ್ಗಿಸಿ ಹೇಳಿದರು, "ಅಳಿಯಂದ್ರು ನೀರು ಬ್ಯಾಡ ಅಂದಿದ್ರು ಕಣಮ್ಮಿ. ನಾನು ಕೇಳ್ನಿಲ್ಲ. ಅದ್ರಿಂದ್ಲೇ ಕೆಟ್ಟೋಯ್ತು ಅಂದ್ರೆ ಮಾವನ ಮರ್ವಾದಿ ಏನಾಯ್ತದೆ? ದೀಪಾವಳಿ ಕಳೀಲಿ, ಯಾರ್ಗೂ ಗೊತ್ತಾಗ್ದಂಗೆ ಹಾಕ್ಸ್ಬುಡನ ಅಂದ್ಕೊಂಡೆ. ಅಷ್ಟ್ರಲ್ಲಿ ನೀನೇ ಕಾಗ್ದ ಕೊಟ್ಬುಟ್ಟೆ. ಆಮೇಲೆ ಯೆಂಗ್ ಯೋಳ್ಲಿ?"

ಅಳಿಯನ ಮುಂದೆ ಮಾವನ ಮರ್ಯಾದೆ! ಅದನ್ನು ಉಳಿಸಲು ನನ್ನ ಮರ್ಯಾದೆಯನ್ನು ಬೀದಿ ತುಂಬ ಹರಡಿದರು. ಒಂದು ಜೊತೆ ಶರಟು ಪ್ಯಾಂಟಿನ ಬೆಲೆಯ ಸಾಮಾನು ಅದು. ಅದರ ಬದಲಿಗೆ ನನ್ನ ಇಪ್ಪತ್ತನಾಲ್ಕು ವರ್ಷ ಹೋಯಿತು. ನಾನು ಕೂಗಾಡಿದೆ ರಮ್ಯ. ಎದುರು ಮನೆಯವರಿಗೂ ಕೇಳಿಸಲಿ ಎಂದೇ ಕಿಟಕಿ ತೆಗೆದು ಕೂಗಾಡಿದೆ. ಕ್ಲಚ್ ಬಿಡಲು ನನಗೆ ಬರುತ್ತದೆ ಎಂದು ಮೂರು ಸಲ ಹೇಳಿದೆ. ಅವರು ಅವತ್ತಿನಿಂದ ತಾವೇ ಬಡಿಸಿಕೊಂಡು ತಿನ್ನುತ್ತಿದ್ದಾರೆ. ತಿನ್ನಲಿ.

ಮರುದಿನ ಫಹೀಮ್ ಹೊಸ ಕಾಯಿಲ್ ಹಾಕಿಕೊಟ್ಟ. ಮಾದಪ್ಪನನ್ನು ಮೆಲ್ಲಗೆ ಬಿಡಿಸಿ ದೇವರ ಗೂಡಿಗೆ ಸೇರಿಸಿದೆ. ಹಳದಿ ದೀಪ ಆರಿತ್ತು. ಕಾರು ಬೆಣ್ಣೆಯ ಹಾಗೆ ಹೋಗುತ್ತಿದೆ. ನೇರವಾಗಿ ಇಲಾಖೆಯ ಕಚೇರಿಗೇ ಓಡಿಸಿಕೊಂಡು ಹೋದೆ, ನನ್ನ ನಿರಾಕರಣೆಯ ಕಾಗದ ವಾಪಸು ಕೊಡಿ ಎಂದೆ. ಮೇಡಂ ಒಳ್ಳೆಯವರು, ಕುರ್ಚಿ ಹಾಕಿಸಿದರು. "ಸುಧಾಮಣಿಯವರೇ, ಆ ಜಾಗಕ್ಕೆ ಪಟ್ಟಿಯಲ್ಲಿ ನಿಮ್ಮ ನಂತರದವರು ಬಂದು ಎರಡು ತಿಂಗಳಾಯಿತು. ಮುಂದಿನ ಪಟ್ಟಿ ಆಗುವ ಹೊತ್ತಿಗೆ ನಿಮ್ಮ ವಯಸ್ಸು ದಾಟಿರುತ್ತದೆ. ಸ್ವಇಚ್ಛೆಯಿಂದ ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದರು. ಕಾರು ಕೆಟ್ಟಿತ್ತು ಮೇಡಂ ಎಂದು ಹೇಳಲು ನನಗೆ ನಾಚಿಕೆಯಾಯಿತು. ಕಾರು ಕೆಟ್ಟರೆ ರಿಪೇರಿ ಮಾಡಿಸಬಹುದಿತ್ತಲ್ಲ ಎನ್ನುತ್ತಿದ್ದರು. ಎದ್ದು ಬಂದೆ.

ಮನೆಗೆ ಬರಲು ಮನಸ್ಸಾಗಲಿಲ್ಲ. ತೆರಕಣಾಂಬಿಗೆ ಹೋಗಿ ಮುದ್ದಯ್ಯನ ಮನೆ ಹುಡುಕಿದೆ. ಜಗುಲಿಯ ಮೇಲೆ ಕೂತು ಈರುಳ್ಳಿ ಆಯುತ್ತಿದ್ದ. ಕಾಯಿಲ್ ತೋರಿಸಿ, "ಅವತ್ತು ನನ್ನ ತಪ್ಪಲ್ಲಜ್ಜ, ಇದರದ್ದು" ಎಂದೆ. ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅದ್ಯಾವ್ದೋ ಒಣ್ಗೋದ್ ಬದ್ನೆಕಾಯ್ ಇದ್ದಂಗದಲ್ಲವ್ವ" ಎಂದ. ಆಮೇಲೆ, "ನಾನೆಲ್ಲಿ ನಿನ್ ತಪ್ಪು ಅಂದೆ? ಆ ಮಂಡಿ ಮೊದ್ಲಿಂದ್ಲೂ ನೋಯ್ತಿತ್ತು" ಎಂದು ಮಜ್ಜಿಗೆ ತರಿಸಿದ. ನನ್ನನ್ನು ಬೈದವರು ಯಾರೂ ಕ್ಷಮೆ ಕೇಳಲಿಲ್ಲ. ನನ್ನಿಂದ ಬಿದ್ದವನು ಮಜ್ಜಿಗೆ ಕೊಟ್ಟ.

ಕಾರು ಮಾರುವುದಿಲ್ಲ. ಫೆಬ್ರವರಿಯಲ್ಲಿ ನಿನ್ನ ಸೀಮಂತ ಮುಗಿಸಿ ಕರೆದುಕೊಂಡು ಬರಲು ಹುಣಸೂರಿಗೆ ನಾನೇ ಓಡಿಸಿಕೊಂಡು ಬರುತ್ತೇನೆ. ನಿನ್ನಪ್ಪ ಬೇಕಿದ್ದರೆ ಹಿಂದಿನ ಸೀಟಿನಲ್ಲಿ ಕೂತು ಬರಲಿ. ಅಳಿಯ ಸಾಗರ್ ಅವರಿಗೆ ಹೇಳು, ಅವತ್ತು ಅವರು ಹೇಳಿದ ಮಾತು ಸರಿಯಾಗಿತ್ತು, ಅತ್ತೆ ಒಪ್ಪಿಕೊಂಡಳು ಎಂದು. ಹುಳಿ ಜಾಸ್ತಿ ತಿನ್ನಬೇಡ. ಕಬ್ಬಿಣಾಂಶದ ಮಾತ್ರೆ ಬಿಡಬೇಡ. ಬೇರೆಯವರ ಮಕ್ಕಳ ತಾಯಂದಿರಿಗೆ ಇಷ್ಟು ವರ್ಷ ಹೇಳಿದ್ದನ್ನೇ ನಿನಗೂ ಹೇಳುತ್ತಿದ್ದೇನೆ. ನಿನ್ನ ಹೆರಿಗೆ ಹೂವಿನ ಹಾಗೆ ಆಗಲಿ, ತಾಯಿ ಮಗು ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಮ್ಮ,
ಸುಧಾಮಣಿ

ಮರೆತ ಮಾತು: ಮರೆತದ್ದಲ್ಲ. ಎರಡು ದಿನದಿಂದ ಈ ಕಾಗದ ಮಡಚುತ್ತಿದ್ದೇನೆ, ಬಿಚ್ಚುತ್ತಿದ್ದೇನೆ. ಇಷ್ಟೂ ಪುಟ ನಿನ್ನಪ್ಪನನ್ನು ಬೈದೆ. ಅವರನ್ನು ಬೈಯುವುದು ನನಗೆ ಅಭ್ಯಾಸ, ಕೈ ತಾನಾಗಿ ಓಡುತ್ತದೆ. ನಿನ್ನನ್ನು ಬೈದು ಅಭ್ಯಾಸವಿಲ್ಲ.

ಚಿಕ್ಕಬೀರಯ್ಯ ಅವತ್ತು ಕಾಯಿಲಿನ ಫೋಟೋ ತೆಗೆದು ಕಳಿಸಿದ್ದನಂತೆ. ನಿನ್ನಪ್ಪನದು ಬಟನ್ ಫೋನು. ರೇಟು ನೋಡಲಿ ಎಂದು ನಿನ್ನ ನಂಬರ್ ಕೊಟ್ಟಿದ್ದಾರೆ. ಚಿಕ್ಕಬೀರಯ್ಯ ತನ್ನ ಫೋನ್ ನನ್ನ ಕೈಗೇ ಕೊಟ್ಟ. ಒಂಬತ್ತನೇ ತಾರೀಖು ಸಂಜೆ ನಾಲ್ಕಕ್ಕೆ ಫೋಟೋ. ಕೆಳಗೆ, "ವಾಟರ್ ಹೋಗಿ ಹಾಳಾಗಿದೆ ಮೇಡಂ, ಹೀಗೇ ಓಡಿಸಿದರೆ ಡೇಂಜರ್." ನಾಲ್ಕೂ ಹತ್ತಕ್ಕೆ ನಿನ್ನ ಉತ್ತರ: "ಸದ್ಯಕ್ಕೆ ಏನೂ ಹಾಕಬೇಡಿ ಅಣ್ಣ. ಅಮ್ಮನಿಗೆ ಹೇಳಬೇಡಿ. ಓಡಿಸೋದು ಬಿಟ್ಟರೆ ಮನೇಲಿರ್ತಾರೆ, ಮಾರ್ಚ್‌ಗೆ ನನ್ನ ಹೆರಿಗೆ, ನನಗೆ ಅವರು ಬೇಕು."

ಅಂಥ ಕಾರಿನಲ್ಲಿ ಮತ್ತೆ ನಾಲ್ಕು ದಿನ ನನ್ನನ್ನು ಕೂರಿಸಿ ಕಳಿಸಿದಿರಿ, ಅಪ್ಪ ಮಗಳು ಇಬ್ಬರೂ. ಆಮೇಲೆ ನಾನು ಅಳುತ್ತಾ ಫೋನ್ ಮಾಡಿದಾಗ, "ಹೋಗಲಿ ಬಿಡಮ್ಮ, ನಿನ್ನ ಕೈಲಿ ಆಗಲ್ಲ" ಎಂದು ಆ ನಿರಾಕರಣೆಯ ಕಾಗದ ಟೈಪ್ ಮಾಡಿ ಕಳಿಸಿದೆ.

ಬಾಣಂತನ ಮಾಡುತ್ತೇನೆ. ಎಣ್ಣೆ ನೀರು ಹಾಕುತ್ತೇನೆ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಸ್ನಾನ ಮಾಡಿಸುತ್ತೇನೆ. ಅದರಲ್ಲಿ ಒಂದು ಚೂರೂ ಕಡಿಮೆ ಮಾಡುವುದಿಲ್ಲ, ಹೆದರಬೇಡ.

ಆದರೆ ರಮ್ಯ, "ಅಮ್ಮಾ, ನನಗೆ ಭಯ ಆಗ್ತಿದೆ, ಆ ಕೆಲಸ ಬಿಟ್ಟು ನನ್ನ ಜೊತೆ ಇರು" ಎಂದು ಬಾಯಿ ಬಿಟ್ಟು ಒಂದು ಸಲ ಕೇಳಿದ್ದರೆ ನಾನೇ ನನ್ನ ಕೈಯಾರೆ ಬರೆದುಕೊಟ್ಟು ಬರುತ್ತಿದ್ದೆ. ನಗುನಗುತ್ತಾ ಬರೆದುಕೊಡುತ್ತಿದ್ದೆ. ನನಗೆ ಏನೂ ಬರುವುದಿಲ್ಲ ಎಂದು ನನ್ನನ್ನೇ ನಂಬಿಸಬೇಕಾಗಿರಲಿಲ್ಲ.